ಅಪ್ಸರೆಯರ ವಿಳಾಸ ಸಿಕ್ಕಿತು, ನಮ್ಮವರ ಮಸಣ ಎಲ್ಲಿ?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೊನ್ನಾವರದ ಅಪ್ಸರಕೊಂಡಕ್ಕೆ ಹೋದರೆ ಎರಡು ಕಥೆ ಹೇಳ್ತಾರೆ. ಜಲಪಾತದ ಕೊಳದಲ್ಲಿ ಅಪ್ಸರೆಯರು ಮೀಯುತ್ತಿದ್ದರಂತೆ, ಪಕ್ಕದ ಗುಹೆಗಳಲ್ಲಿ ಪಾಂಡವರು ಇದ್ದರಂತೆ. ಸ್ವರ್ಗದವರಿಗೂ ಹಸ್ತಿನಾಪುರದವರಿಗೂ ಇಲ್ಲಿ ವಿಳಾಸ ಇದೆ. ಇದೇ ಕರಾವಳಿಯ ಆಗರಗಳಲ್ಲಿ ಉಪ್ಪು ಎಳೆದ ಆಗೇರರಿಗೆ, ಗದ್ದೆ-ತೋಟಗಳಲ್ಲಿ ಬೆವರು ಸುರಿಸಿದ ಮುಕ್ರಿಗಳಿಗೆ ಒಂದು ಫಲಕವೂ ಇಲ್ಲ.

ಈ ಕಡೆಯದೇ ಒಂದು ಊರಿನಲ್ಲಿ (ಹೆಸರು ಬೇಡ) ಗುಡ್ಡ ಸಮತಟ್ಟು ಮಾಡಿ ಸೈಟು ಮಾಡ್ತಾ ಇದ್ದರು. ಜೆಸಿಬಿ ಕೆದರಿದ ಕೆಂಪು ಮಣ್ಣಲ್ಲಿ ಮಡಕೆಚೂರು. ಕೇರಿಯ ಅಜ್ಜಿಯೊಬ್ಬರು ಕೈ ತೋರಿಸಿ ಹೇಳಿದರು: "ನಮ್ಮ ಅಬ್ಬೆಯ ಹುಗಿದದ್ದು ಇಲ್ಲೇ ತಮಾ." ಪಹಣಿಯಲ್ಲಿ ಆ ಜಾಗ ಮಸಣ ಅಂತ ಇರಲೇ ಇಲ್ಲ. ಮುಗೀತು.

ಕಾನೂನು ಏನು ಕಾಯುತ್ತದೆ? 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯ್ತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಅಂದ್ರೆ ಮೊದಲು ಪಟ್ಟಿಯಲ್ಲಿ ಹೆಸರು ಇರಬೇಕು. ಕೋಟೆ, ಗುಡಿ, ಬಸದಿ, ಮಸೀದಿಗೆ ಹೆಸರು ಇರುತ್ತದೆ. ಕೇರಿಗೆ ಎಲ್ಲಿಂದ ಬರಬೇಕು? ಕಟ್ಟಡಗಳಿಗೆ ಪರಿಸರ ಅನುಮತಿ ಕೇಳುವ 2006ರ ಅಧಿಸೂಚನೆ ಶುರುವಾಗುವುದೇ 20,000 ಚದರ ಮೀಟರಿನಿಂದ. ಇಂಗ್ಲೆಂಡಿನಲ್ಲಿ 1990ರಿಂದ ಬೇರೆ ರೂಢಿ ಇದೆ. ಮನೆ ಕಟ್ಟುವ ಕಂಪನಿ ತನ್ನ ಖರ್ಚಲ್ಲೇ ಹಳೆ ನಕ್ಷೆ ನೋಡಿಸಬೇಕು, ಅಲ್ಲಲ್ಲಿ ಕಂದಕ ತೋಡಿಸಿ ಮಣ್ಣಿನ ಪದರ ಪರೀಕ್ಷೆ ಮಾಡಿಸಬೇಕು. ಅನುಮತಿಯ ಮಾತು ಆಮೇಲೆ.

ಆದರೆ ಪರೀಕ್ಷೆ ಮಾಡಿದ ಮಾತ್ರಕ್ಕೆ ಎಲ್ಲ ಸರಿಹೋಗ್ತದೆ ಅಂತ ನಾನು ನಂಬಲ್ಲ. ನ್ಯೂಯಾರ್ಕಿನ ಕಥೆ ಕೇಳಿ. ಅಲ್ಲಿ ಸರ್ಕಾರಿ ಕಚೇರಿ ಕಟ್ಟುವ ಜಾಗದಲ್ಲಿ ಕರಿಯರ ಮಸಣ ಇತ್ತು ಅಂತ ಹಳೆ ನಕ್ಷೆಯಲ್ಲೇ ಬರೆದಿತ್ತು. ಚರ್ಚಿನ ಅಂಗಳದಲ್ಲಿ ಹೂಳಲು ಬಿಡದೆ ಊರಾಚೆ ತಳ್ಳಿದ ಗುಲಾಮರ ಮಸಣ ಅದು. ಊರಾಚೆ ಅನ್ನೋ ಪದ ನಮಗೆ ಯಾರೂ ವಿವರಿಸಬೇಕಿಲ್ಲ. ಹಳೆ ಕಟ್ಟಡಗಳ ಅಡಿಪಾಯಕ್ಕೆ ಎಲ್ಲ ನಾಶ ಆಗಿರಬಹುದು ಅಂತ ಅಂದುಕೊಂಡು ಮುಂದುವರಿದರು. 1991ರಲ್ಲಿ ಅಗೆದಾಗ 400ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕಿತು. ಅಷ್ಟಾದರೂ ಕೆಲಸ ನಿಲ್ಲಲಿಲ್ಲ. ಕರಿಯ ಸಮುದಾಯ ಬೀದಿಗಿಳಿದ ಮೇಲೆ 1992ರಲ್ಲಿ ನಿಂತಿತು. ಮೂಳೆಗಳ ಅಧ್ಯಯನ ಕರಿಯರದೇ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಹೋಯಿತು. 2003ರಲ್ಲಿ ಗೌರವದಿಂದ ಮತ್ತೆ ಮಣ್ಣು ಮಾಡಿದರು, 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕ.

ನಮ್ಮ ಸನ್ನತಿಯನ್ನೂ ನೆನಪಿಸ್ಕೊಳ್ಳಿ. 1986ರಲ್ಲಿ ಗುಡಿಯ ಚಾವಣಿ ಕುಸಿಯಿತು. ದೇವಿಯ ವಿಗ್ರಹದ ಪೀಠ ನೋಡಿದರೆ ಅಶೋಕನ ಶಾಸನ! ವಿಗ್ರಹ ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆಮೇಲೆ ಹತ್ತಿರದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಸ್ತೂಪವೇ ಸಿಕ್ಕಿತು, 'ರಾಯೊ ಅಸೋಕೊ' ಅಂತ ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪದ ಸಮೇತ. ಚಕ್ರವರ್ತಿಯ ಶಾಸನವೇ ಹೊರಗೆ ಬರಲು ಚಾವಣಿ ಬೀಳಬೇಕಾಯಿತು ಮಾರಾಯ್ರೆ. ಅಕ್ಷರವೇ ಇಲ್ಲದ ನಮ್ಮ ಅಜ್ಜಿಯರ ಗುಂಡಿಗೆ ಸಾಕ್ಷಿ ಅಂದ್ರೆ ಬದುಕಿರುವವರ ಬಾಯಿಮಾತು ಮಾತ್ರ.

ಕುಮಟಾ, ಹೊನ್ನಾವರ, ಭಟ್ಕಳದ ಗೆಳೆಯರು ಈ ತಿಂಗಳೇ ಕೇರಿಯ ಹಿರಿಯರನ್ನು ಕರ್ಕೊಂಡು ಗುಡ್ಡ ಹತ್ತಿ. ಹಳೆ ಮಸಣ, ಬಾವಿ, ಭೂತದ ಕಲ್ಲು ಎಲ್ಲಿದೆ ಕೇಳಿ, ಫೋಟೋ ತೆಗೀರಿ, ಸರ್ವೆ ನಂಬರ್ ಬರ್ಕೊಳ್ಳಿ. ಭೂಪರಿವರ್ತನೆ ಆಗುವ ಮೊದಲೇ ಪಂಚಾಯತಿಗೂ ತಹಶೀಲ್ದಾರರಿಗೂ ಅರ್ಜಿ ಕೊಡಿ, ಸ್ವೀಕೃತಿ ಪ್ರತಿ ಬಿಡಬೇಡಿ. ಅರ್ಜಿ ಬರೆಯೋಕೆ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ.