ಮನ್ರೋ ಸಾಹೇಬರ ನಾಡಿನಲ್ಲಿ ಭೂಮಿ ಯಾರದು?

ಮಂತ್ರಾಲಯಕ್ಕೆ ಹೋಗಿ ಬಂದವರಿಗೆ ಮನ್ರೋ ಸಾಹೇಬರ ಕಥೆ ಗೊತ್ತು. ಮಠದ ಜಮೀನಿನ ವಿಚಾರಣೆಗೆ ಬಂದ ಕಲೆಕ್ಟರಿಗೆ ರಾಯರು ಬೃಂದಾವನದಿಂದ ಎದ್ದು ಬಂದು ಮಾತಾಡಿದರು, ಜಮೀನು ಮಠಕ್ಕೇ ಉಳಿಯಿತು ಅನ್ನುತ್ತಾರೆ. ನಂಬಿಕೆಯ ಮಾತು ಹಾಗಿರಲಿ, ಆ ಥಾಮಸ್ ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಹುಟ್ಟಿದವರು. ಟಿಪ್ಪು ಬಿದ್ದ 1799ರಲ್ಲಿ ಕೆನರಾಕ್ಕೆ ಕಲೆಕ್ಟರಾಗಿ ಬಂದರು, ಮರುವರ್ಷ ಬಳ್ಳಾರಿ ಸೀಮೆಗೆ ಹೋದರು. ನಡುವೆ ಜಮೀನ್ದಾರ ಬೇಡ, ರೈತನ ಜೊತೆಗೇ ಸರ್ಕಾರದ ನೇರ ಲೆಕ್ಕ ಇರಲಿ ಎಂಬ ರೈತವಾರಿ ಪದ್ಧತಿಗೆ ಅವರ ಹೆಸರೇ ಅಂಟಿಕೊಂಡಿದೆ. ಕಂದಾಯ ಹಗುರವಾಗಿತ್ತು ಅಂತ ನಾವು ಹೇಳುತ್ತಿಲ್ಲ. ಆದರೆ ದಫ್ತರದಲ್ಲಿ ರೈತನ ಹೆಸರು ಬಂತು.

ಮನ್ರೋ ಹುಟ್ಟಿದ ನಾಡಿನಲ್ಲಿ ಆ ಲೆಕ್ಕ ಇನ್ನೂ ಮುಗಿದಿಲ್ಲ. 2024ರ ಮಾರ್ಚ್‌ನಲ್ಲಿ, ಸ್ಕಾಟ್ಲೆಂಡ್ ಸರ್ಕಾರ ಹೊಸ ಭೂ ಸುಧಾರಣಾ ಮಸೂದೆಯನ್ನು ಅಲ್ಲಿನ ಸಂಸತ್ತಿನ ಮುಂದಿಟ್ಟಿತು. ಇಪ್ಪತ್ತೊಂದನೇ ಶತಮಾನದಲ್ಲಿ, ಅದೂ ಯುರೋಪಿನಲ್ಲಿ, ಭೂ ಸುಧಾರಣೆಯೇ ಎಂದು ನಮಗೂ ಆಶ್ಚರ್ಯವಾಯಿತು. ಹಿಂದಕ್ಕೆ ಹೋಗಿ ನೋಡಿದಾಗ ಅರ್ಥವಾಯಿತು.

ಮನ್ರೋ ಇಲ್ಲಿ ರೈತರ ಪರವಾಗಿ ವರದಿ ಬರೆಯುತ್ತಿದ್ದ ಕಾಲಕ್ಕೇ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಲ್ಲಿ ರೈತರನ್ನು ಊರುಬಿಡಿಸುತ್ತಿದ್ದರು. ಉಣ್ಣೆಗೆ ಬೆಲೆ ಬಂದಿತ್ತು. ಸಣ್ಣ ಗೇಣಿದಾರ ಕೊಡುವ ಗೇಣಿಗಿಂತ ಕುರಿ ಸಾಕುವ ದೊಡ್ಡ ಗುತ್ತಿಗೆದಾರ ಹೆಚ್ಚು ಕೊಡುತ್ತಿದ್ದ. ಸದರ್ಲೆಂಡ್ ಎಸ್ಟೇಟಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಕುಟುಂಬಗಳನ್ನು ಎಬ್ಬಿಸಿದರು, ತಿರುಗಿ ಬರಬಾರದೆಂದು ಸೂರಿನ ತೊಲೆಗಳಿಗೆ ಬೆಂಕಿ ಇಟ್ಟರು. ಎಸ್ಟೇಟಿನ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲಾರ್ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ಮೊಕದ್ದಮೆ ನಡೆಯಿತು. ಖುಲಾಸೆಯಾದ. ಎದ್ದವರಲ್ಲಿ ಕೆಲವರು ಕಡಲಂಚಿನ ಬರಡು ತುಂಡುಗಳಿಗೆ ಇಳಿದರು, ಕೆಲವರು ಕೆನಡಾದ ಹಡಗು ಹತ್ತಿದರು.

ಅರವತ್ತು ಚಿಲ್ಲರೆ ವರ್ಷ ಕಳೆದು, 1882ರ ಏಪ್ರಿಲ್‌ನಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಜನ ತಿರುಗಿಬಿದ್ದರು. ಒಕ್ಕಲೆಬ್ಬಿಸುವ ನೋಟಿಸು ತಂದ ಅಮೀನನ ಕೈಯಿಂದಲೇ ನೋಟಿಸು ಸುಡಿಸಿದರು. ಗ್ಲ್ಯಾಸ್ಗೋದಿಂದ ಪೊಲೀಸರು ಬಂದಾಗ ಹೆಂಗಸರು ಮುಂದೆ ನಿಂತು ಕಲ್ಲು ಬೀರಿದರು. ಮರುವರ್ಷ ನೇಪಿಯರ್ ಆಯೋಗ, 1886ರಲ್ಲಿ ಕ್ರಾಫ್ಟರ್ ಕಾಯ್ದೆ. ಕ್ರಾಫ್ಟರ್ ಅಂದರೆ ಅಲ್ಲಿನ ಸಣ್ಣ ಗೇಣಿದಾರ. ಗೇಣಿ ಕಟ್ಟುತ್ತಿರುವ ತನಕ ಎಬ್ಬಿಸುವಂತಿಲ್ಲ, ನ್ಯಾಯವಾದ ಗೇಣಿ ಎಷ್ಟೆಂದು ಆಯೋಗ ಗೊತ್ತುಮಾಡುತ್ತದೆ, ಹಕ್ಕು ಮಕ್ಕಳಿಗೆ ಹೋಗುತ್ತದೆ. ಒಡೆತನ ಮಾತ್ರ ಧಣಿಯದೇ.

ಅಲ್ಲಿಂದ ಮುಂದಕ್ಕೆ ದೊಡ್ಡ ಹೆಜ್ಜೆ ಇಡಲು ನೂರು ವರ್ಷ ಹಿಡಿಯಿತು. 1707ರಲ್ಲಿ ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು ಮುಚ್ಚಿ ಇಂಗ್ಲೆಂಡಿನ ಜೊತೆ ಸೇರಿತ್ತು. ಭೂಮಿಯ ಕಾನೂನು ಲಂಡನ್ನಿನಲ್ಲೇ ಆಗಬೇಕು, ಅಲ್ಲಿನ ಮೇಲ್ಮನೆಯಲ್ಲಿ ವಂಶಪಾರಂಪರ್ಯವಾಗಿ ಕೂತವರಲ್ಲಿ ಅನೇಕರು ಈ ಎಸ್ಟೇಟುಗಳ ಧಣಿಗಳೇ. ಇನ್ನೇನು ಆದೀತು? 1997ರ ಜನಮತಗಣನೆಯಲ್ಲಿ ಸ್ವಂತ ಸಂಸತ್ತು ಬೇಕೆಂದು ನೂರಕ್ಕೆ 74 ಮಂದಿ ಹೇಳಿದರು, 1999ರಲ್ಲಿ ಎಡಿನ್‌ಬರೋದಲ್ಲಿ ಸಂಸತ್ತು ಕೂತಿತು. 2000ದಲ್ಲಿ ಅದು ಊಳಿಗಮಾನ್ಯ ಒಡೆತನವನ್ನೇ ರದ್ದುಮಾಡುವ ಕಾಯ್ದೆ ತಂದಿತು. ಜಾರಿಯಾದದ್ದು 2004ರ ನವೆಂಬರ್ 28ರಂದು. ಅಲ್ಲಿಯವರೆಗೂ ಮನೆ ಕೊಂಡವನ ಮೇಲೂ ಕಾಗದದಲ್ಲಿ ಒಬ್ಬ 'ಮೇಲೊಡೆಯ' ಇರಬಹುದಿತ್ತು. ನಮ್ಮಲ್ಲಿ 1974ರ ತಿದ್ದುಪಡಿಗೇ ಫಾರಂ 7 ತುಂಬಿ ಗೇಣಿದಾರರು ಭೂ ನ್ಯಾಯಮಂಡಳಿ ಮುಂದೆ ನಿಂತಿದ್ದರು ಎಂಬುದನ್ನು ನೆನೆದರೆ ವಿಚಿತ್ರ ಅನ್ನಿಸುತ್ತದೆ.

ಜನ ಕಾಯ್ದೆಗಾಗಿ ಕಾದು ಕೂತಿರಲಿಲ್ಲ. ಅಸಿಂಟ್‌ನಲ್ಲಿ ಮಾಲೀಕ ಕಂಪನಿ ದಿವಾಳಿಯಾಗಿ ಎಸ್ಟೇಟ್ ಮಾರಾಟಕ್ಕೆ ಬಂದಾಗ ಕ್ರಾಫ್ಟರುಗಳು ಚಂದಾ ಎತ್ತಿ, 1993ರಲ್ಲಿ 3 ಲಕ್ಷ ಪೌಂಡಿಗೆ ತಾವೇ ಕೊಂಡರು. 1997ರಲ್ಲಿ ಈಗ್ ದ್ವೀಪದವರು ದ್ವೀಪವನ್ನೇ ಕೊಂಡರು. 2003ರ ಕಾಯ್ದೆ ಇದನ್ನೇ ಹಕ್ಕಾಗಿ ಮಾಡಿತು: ಮೊದಲೇ ಹೆಸರು ನೋಂದಾಯಿಸಿಕೊಂಡ ಹಳ್ಳಿಯವರಿಗೆ, ಜಮೀನು ಮಾರಾಟಕ್ಕೆ ಬಂದರೆ ಕೊಳ್ಳುವ ಮೊದಲ ಅವಕಾಶ. ಕ್ರಾಫ್ಟರ್ ಸಮುದಾಯವಾದರೆ ಧಣಿ ಒಪ್ಪದಿದ್ದರೂ ಕೊಳ್ಳಬಹುದು.

ಇಷ್ಟೆಲ್ಲ ಆದ ಮೇಲೂ ಸ್ಕಾಟ್ಲೆಂಡಿನ ಗ್ರಾಮೀಣ ಪ್ರದೇಶದ ಖಾಸಗಿ ಭೂಮಿಯಲ್ಲಿ ಅರ್ಧದಷ್ಟು 432 ಮಾಲೀಕರ ಕೈಯಲ್ಲಿದೆ ಎಂಬುದು 2013ರ ಅಂದಾಜು. 2024ರ ಮಸೂದೆ ಕೈಹಾಕಿದ್ದು ಇಲ್ಲಿಗೆ. 3,000 ಹೆಕ್ಟೇರ್, ಅಂದರೆ ಸುಮಾರು 7,400 ಎಕರೆ ಮೀರಿದವರು ಭೂಮಿಯನ್ನು ಏನು ಮಾಡುತ್ತೇವೆಂದು ಯೋಜನೆ ಬರೆದು ಊರವರ ಮುಂದಿಡಬೇಕು ಎಂದು ಮಂಡಿಸಿದಾಗ ಅದರಲ್ಲಿತ್ತು. 1,000 ಹೆಕ್ಟೇರ್ ಮೀರಿದ ಜಮೀನು ಮಾರುವ ಮೊದಲು ಸರ್ಕಾರಕ್ಕೆ ತಿಳಿಸಬೇಕು, ಬೇಕೆನಿಸಿದರೆ ತುಂಡು ಮಾಡಿ ಮಾರಿ ಎಂದು ಮಂತ್ರಿಗಳು ಹೇಳಬಹುದು ಎಂದೂ ಇತ್ತು. ಒಬ್ಬರು ಇಷ್ಟೇ ಇಟ್ಟುಕೊಳ್ಳಬೇಕೆಂಬ ಮಿತಿ ಮಾತ್ರ ಅದರಲ್ಲಿ ಇರಲಿಲ್ಲ.

ಇಷ್ಟು ಮೆಲ್ಲಗೆ ಯಾಕೆ? ಎಡಿನ್‌ಬರೋ ಸಂಸತ್ತು ಲಂಡನ್ನಿನ ಕಾಯ್ದೆಯಿಂದಲೇ ಹುಟ್ಟಿದ್ದು, ಯುರೋಪಿನ ಮಾನವ ಹಕ್ಕು ಒಪ್ಪಂದ ಮೀರಿ ಕಾನೂನು ಮಾಡುವಂತಿಲ್ಲ. ಆಸ್ತಿ ಹಕ್ಕೂ ಅದರೊಳಗೇ ಬರುತ್ತದೆ. 2003ರ ಕೃಷಿ ಗೇಣಿ ಕಾಯ್ದೆಯ ಒಂದು ಕಲಮಿನ ಭಾಗವನ್ನು ಇದೇ ಕಾರಣಕ್ಕೆ ಲಂಡನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಅಧಿಕಾರ ಮೀರಿದ್ದು ಎಂದಿತು. ನಮ್ಮಲ್ಲಿ ಭೂ ಸುಧಾರಣೆಯನ್ನು ಕೋರ್ಟಿನಿಂದ ಕಾಯಲು 1951ರಲ್ಲೇ ಸಂವಿಧಾನಕ್ಕೆ ಒಂಬತ್ತನೇ ಅನುಸೂಚಿ ಸೇರಿಸಿದ್ದರು. ಅಂಥ ಬೇಲಿ ಅವರಿಗಿಲ್ಲ. ಬೇಲಿ ಇದ್ದ ನಾವು 2020ರಲ್ಲಿ 79ಎ, 79ಬಿ ಕಲಂ ತೆಗೆದು, ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ದಾರಿ ಬಿಟ್ಟೆವು.

2024ರಲ್ಲಿ ಮಸೂದೆ ಸಮಿತಿಯ ಮುಂದಿತ್ತು. ಇದು ಅತಿಯಾಯಿತು ಎಂದು ಎಸ್ಟೇಟಿನವರು, ಏನೇನೂ ಸಾಲದು ಎಂದು ಭೂ ಹೋರಾಟದವರು. ಆಗಿನ ಜಗಳ 3,000 ಹೆಕ್ಟೇರ್ ಎಂಬ ಅಂಕಿಯ ಮೇಲೆ. ಅದನ್ನು ಇಳಿಸಬೇಕೆಂದು ಹೋರಾಟದವರು ಪಟ್ಟು ಹಿಡಿದಿದ್ದರು.