ಹಳ್ಳಿ ಮುಕ್ಕನಿಗೆ ದಂಡ

ಕಳೆದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದಿದ್ದಾಗ ನಡೆದದ್ದು. ಸಂಜೆ ಅಮ್ಮ, ನಾನು, ಮಗಳು ಮೂವರೂ ತರಕಾರಿ ಅಂಗಡಿಗೆ ನಡೆದುಕೊಂಡು ಹೊರಟಿದ್ದೆವು. ಅಂಗಡಿ ರಸ್ತೆಯ ಆಚೆ ಬದಿಯಲ್ಲೇ ಕಾಣುತ್ತಿತ್ತು, ಆದರೆ ದಾಟಲು ಸಿಗ್ನಲ್ ಇದ್ದದ್ದು ಕಾಲು ಮೈಲಿ ಮುಂದೆ. ನಾನು ಆ ಕಡೆ ತಿರುಗುವಷ್ಟರಲ್ಲಿ ಅಮ್ಮ ಬಲಗಡೆ ನೋಡಿ, ಕೈ ಅಡ್ಡ ಚಾಚಿ, ಹಾಸನದ ಬಿ.ಎಂ. ರಸ್ತೆ ದಾಟುವ ಹಾಗೆ ನಿಧಾನವಾಗಿ ನಡೆದೇ ಬಿಟ್ಟರು. ಇಲ್ಲಿ ಗಾಡಿ ಮೊದಲು ಬರುವುದು ಎಡಗಡೆಯಿಂದ! ಒಂದು ಕಾರು ಕಿರ್ ಎಂದು ನಿಂತಿತು. ಉದ್ದಕ್ಕೆ ಹಾರ್ನ್ ಹೊಡೆದ ಚಾಲಕ ಕಿಟಕಿ ಇಳಿಸಿ ಏನೋ ಬೈದು ಹೋದ.

ಮೂರನೇ ಕ್ಲಾಸಿನ ಮಗಳು ಗಂಭೀರವಾಗಿ, "ಅಜ್ಜಿ, ನೀವು ಮಾಡಿದ್ದು ಜೇವಾಕಿಂಗ್, ಅದು ತಪ್ಪು" ಎಂದಳು.

"ಹಂಗಂದ್ರೇನು ಪುಟ್ಟಿ?"

ಎಲ್ಲೆಂದರಲ್ಲಿ ರಸ್ತೆ ದಾಟುವುದು ಅಂತ ನಾನು ಹೇಳಿದೆ. "ವಾಕಿಂಗ್ ಗೊತ್ತಾಯ್ತು, ಜೇ ಅಂದ್ರೇನು?" ಎಂದು ಅಮ್ಮ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದೇನೆ, ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಕುತ್ತಾ ಹೋದೆ. ಸಿಕ್ಕಿದ್ದು ಪದದ ಅರ್ಥ ಮಾತ್ರವಲ್ಲ, ಈ ದೇಶದ ರಸ್ತೆಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕಥೆ.

ಜೇ ಎಂಬುದು ಒಂದು ಹಕ್ಕಿ. ಸುಮ್ಮನಿರದೆ ಕಿರುಚಾಡುವ ಹಕ್ಕಿ. ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದ ಪೇಟೆ ಜನ ಹಳ್ಳಿಯಿಂದ ಬಂದವರನ್ನು, ಪೇಟೆಯ ರೀತಿನೀತಿ ತಿಳಿಯದೆ ಕಣ್ಣು ಬಾಯಿ ಬಿಟ್ಟು ನಿಲ್ಲುವವರನ್ನು ಹೀಗೆ ಕರೆದು ಹಂಗಿಸುತ್ತಿದ್ದರು. ನಮ್ಮಲ್ಲಿ "ಹಳ್ಳಿ ಮುಕ್ಕ", "ಹಳ್ಳಿ ಗಮಾರ" ಅನ್ನುತ್ತಾರಲ್ಲ, ಹಾಗೆ. ಅಂದರೆ ಜೇವಾಕರ್ ಎಂದರೆ ಹಳ್ಳಿ ಮುಕ್ಕನ ಹಾಗೆ ನಡೆಯುವವನು. ತಮಾಷೆಯೆಂದರೆ ಅದಕ್ಕಿಂತ ಮೊದಲೇ "ಜೇ ಡ್ರೈವರ್" ಎಂಬ ಬೈಗುಳವಿತ್ತು. 1905ರ ಸುಮಾರಿಗೆ ಕಾನ್ಸಾಸಿನ ಪತ್ರಿಕೆಗಳು ರಸ್ತೆಯ ತಪ್ಪು ಬದಿಯಲ್ಲಿ ಗಾಡಿ ಓಡಿಸುವವರನ್ನು ಹಾಗೆ ಕರೆಯುತ್ತಿದ್ದವು. ಆ ಬೈಗುಳ ಸತ್ತುಹೋಯಿತು. ನಡೆಯುವವನ ಮೇಲಿನ ಬೈಗುಳ ಉಳಿದು ಕಾನೂನೇ ಆಯಿತು.

ಇದು ಹೇಗಾಯಿತು ಎಂದು ತಿಳಿಯಲು ಕಾರು ಬರುವುದಕ್ಕೂ ಮೊದಲಿನ ಬೀದಿಗೆ ಹೋಗಬೇಕು. ಆಗ ನ್ಯೂಯಾರ್ಕಿನಂಥ ಊರಿನ ಬೀದಿ ಎಂದರೆ ನಮ್ಮ ಸಂತೆಬೀದಿಯ ಹಾಗೆ. ಕುದುರೆಗಾಡಿ, ಟ್ರಾಮು, ತಳ್ಳುಗಾಡಿಯ ವ್ಯಾಪಾರಿ, ಆಡುವ ಮಕ್ಕಳು, ನಿಂತು ಹರಟುವವರು, ಎಲ್ಲರೂ ಅಲ್ಲೇ. ಯಾರು ಎಲ್ಲಿ ಬೇಕಾದರೂ ದಾಟಬಹುದಿತ್ತು. ಕುದುರೆಗಾಡಿ ಯಾರಿಗಾದರೂ ಬಡಿದರೆ ತಪ್ಪು ಸಾಮಾನ್ಯವಾಗಿ ಗಾಡಿಯವನದ್ದು. ಹೊಲಸು, ಲದ್ದಿ, ಗಲಾಟೆ ಬೇಕಾದಷ್ಟಿತ್ತು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಬೀದಿ ನಡೆಯುವವರದ್ದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಈ ಸಂತೆಯೊಳಗೆ ಮೊದಲು ನುಗ್ಗಿದ್ದು ಸೈಕಲ್ಲು. 1890ರ ದಶಕದಲ್ಲಿ ಅಮೆರಿಕಕ್ಕೆ ಸೈಕಲ್ ಹುಚ್ಚು ಹಿಡಿಯಿತು. ಬ್ರೂಕ್ಲಿನ್‌ನ ಓಷನ್ ಪಾರ್ಕ್‌ವೇಯಲ್ಲಿ, ಪ್ರಾಸ್ಪೆಕ್ಟ್ ಪಾರ್ಕಿನಿಂದ ಕೋನಿ ಐಲೆಂಡಿನ ಕಡಲ ತೀರದವರೆಗೆ, 1894ರಲ್ಲೇ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿ ತೆರೆದಿದ್ದರು. ಅದಕ್ಕೂ ಮೊದಲು, 1880ರಲ್ಲಿ, ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ ಸವಾರರು ಸೇರಿ ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್ ಎಂಬ ಸಂಘ ಕಟ್ಟಿದ್ದರು. ಊರ ಹೊರಗಿನ ರಸ್ತೆಗಳೆಲ್ಲ ಮಳೆಗಾಲದಲ್ಲಿ ಕೆಸರುಗದ್ದೆ, ಬೇಸಿಗೆಯಲ್ಲಿ ದೂಳು. ರಸ್ತೆ ಸರಿಮಾಡಿ ಎಂದು ಸರ್ಕಾರದ ಬೆನ್ನು ಬಿದ್ದವರಲ್ಲಿ ಈ ಸಂಘ ಮುಂದಿತ್ತು. ಸೈಕಲ್ ತಯಾರಕ ಆಲ್ಬರ್ಟ್ ಪೋಪ್ ಒಂದೂವರೆ ಲಕ್ಷ ಸಹಿಗಳ ಮನವಿಯನ್ನು ವಾಷಿಂಗ್ಟನ್ನಿಗೆ ಒಯ್ದ. 1893ರಲ್ಲಿ ಕೃಷಿ ಇಲಾಖೆಯಡಿ ರಸ್ತೆಗಳ ವಿಚಾರಣೆಗೆ ಒಂದು ಪುಟ್ಟ ಕಚೇರಿ ಹುಟ್ಟಿತು. ಇಂದಿನ ದೊಡ್ಡ ಹೆದ್ದಾರಿ ಇಲಾಖೆಯ ಮೂಲ ಅದೇ. ಇಂದು ಕಾರಿನ ಕಿಟಕಿಯಿಂದ "ಈ ರಸ್ತೆ ಕಾರಿಗೆ ಕಣಯ್ಯ" ಎಂದು ಸೈಕಲ್ ಸವಾರನನ್ನು ಗದರಿಸುವವರಿಗೆ ಇದು ಗೊತ್ತಿದ್ದರೆ ಚೆನ್ನಾಗಿತ್ತು.

ಹಾಗೆಂದು ಸೈಕಲ್ಲಿನವರೇನು ಸಾಧುಗಳಾಗಿರಲಿಲ್ಲ. ತಲೆ ಬಗ್ಗಿಸಿ, ಬೆನ್ನು ಗೂನು ಮಾಡಿ, ಎದುರಿಗೆ ಯಾರಿದ್ದಾರೆಂದು ನೋಡದೆ ತುಳಿಯುವವರಿಗೆ "ಸ್ಕಾರ್ಚರ್" ಎಂಬ ಹೆಸರಿತ್ತು. ನಡೆಯುವವರು ಅವರ ಹಾವಳಿ ತಾಳಲಾರದೆ ಪತ್ರಿಕೆಗಳಿಗೆ ದೂರು ಬರೆದರು. ನ್ಯೂಯಾರ್ಕ್ ಪೊಲೀಸ್ ಇಲಾಖೆ 1895ರಲ್ಲಿ ಅವರನ್ನು ಹಿಡಿಯಲು ಸೈಕಲ್ ಪೊಲೀಸ್ ಪಡೆಯನ್ನೇ ಕಟ್ಟಿತು. ಆಗ ಅಲ್ಲಿನ ಪೊಲೀಸ್ ಕಮಿಷನರುಗಳ ಮಂಡಳಿಯ ಅಧ್ಯಕ್ಷ ಯಾರು ಗೊತ್ತೇ ಮಕ್ಕಳೇ? ಮುಂದೆ ದೇಶದ ಅಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟ್. ಆ ಸೈಕಲ್ ಪೊಲೀಸರಲ್ಲೊಬ್ಬ 1899ರ ಮೇ 20ರಂದು ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಒಂದು ಕಾರನ್ನು ಬೆನ್ನಟ್ಟಿ ಹಿಡಿದ! ವಿದ್ಯುತ್ತಿನಿಂದ ಓಡುವ ಬಾಡಿಗೆ ಕಾರು ಅದು. ಚಾಲಕ ಜೇಕಬ್ ಜರ್ಮನ್ ಮಾಡಿದ ಅಪರಾಧ, ಗಂಟೆಗೆ 8 ಮೈಲಿ ಹೋಗಬೇಕಾದಲ್ಲಿ 12 ಮೈಲಿ ಹೋದದ್ದು. ವೇಗಕ್ಕಾಗಿ ಅಮೆರಿಕದಲ್ಲಿ ಬಂಧನಕ್ಕೊಳಗಾದ ಮೊದಲ ಕಾರು ಚಾಲಕ ಅವನೇ ಎನ್ನುತ್ತಾರೆ. ಸೈಕಲ್ ಕಾರನ್ನು ಹಿಡಿದ ಆ ಕಾಲ ಬಹಳ ದಿನ ಉಳಿಯಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 13ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ವೆಸ್ಟ್‌ನಲ್ಲಿ, 74ನೇ ಬೀದಿಯ ಮೂಲೆಯಲ್ಲಿ, ಹೆನ್ರಿ ಬ್ಲಿಸ್ ಎಂಬಾತ ಟ್ರಾಮಿನಿಂದ ಇಳಿದ. ಹಾದುಹೋಗುತ್ತಿದ್ದ ವಿದ್ಯುತ್ ಟ್ಯಾಕ್ಸಿಯೊಂದು ಅವನಿಗೆ ಬಡಿಯಿತು. ಮರುದಿನ ಬೆಳಿಗ್ಗೆ ಆತ ತೀರಿಕೊಂಡ. ಕಾರು ಬಡಿದು ಅಮೆರಿಕದಲ್ಲಿ ಸತ್ತ ಮೊದಲ ಪಾದಚಾರಿ ಎಂದು ದಾಖಲಾಗಿರುವುದು ಅವನೇ. ಚಾಲಕನನ್ನು ಹಿಡಿದರು, ಆಮೇಲೆ ಬಿಟ್ಟರು. ಆ ಮೂಲೆಯಲ್ಲಿ ನೂರು ವರ್ಷದ ನಂತರ, 1999ರಲ್ಲಿ, ಒಂದು ಫಲಕ ಹಾಕಿದ್ದಾರೆ.

1908ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಬಂತು. 1920ರ ದಶಕದ ನಡುವಿನ ಹೊತ್ತಿಗೆ ಅದರ ಬೆಲೆ 300 ಡಾಲರಿಗಿಂತ ಕೆಳಗಿಳಿದು, ಕಾರು ಸಿರಿವಂತರ ಆಟಿಕೆಯಾಗಿ ಉಳಿಯಲಿಲ್ಲ. ಆದರೆ ಬೀದಿ ಇನ್ನೂ ಹಳೆಯ ಸಂತೆಬೀದಿಯೇ ಆಗಿತ್ತು. ಮಕ್ಕಳು ಅಲ್ಲೇ ಚೆಂಡಾಡುತ್ತಿದ್ದರು. ಆ ಹತ್ತು ವರ್ಷಗಳಲ್ಲಿ ಈ ದೇಶದಲ್ಲಿ ಮೋಟಾರು ಅಪಘಾತಗಳಿಗೆ ಬಲಿಯಾದವರು ಎರಡು ಲಕ್ಷಕ್ಕೂ ಹೆಚ್ಚು. ಪೇಟೆಗಳಲ್ಲಿ ಸತ್ತವರಲ್ಲಿ ನಡೆಯುವವರೇ ಬಹುಪಾಲು, ಅವರಲ್ಲೂ ಮಕ್ಕಳು ಬಹಳ.

ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. 1922ರಲ್ಲಿ ಬಾಲ್ಟಿಮೋರ್ ನಗರ, ಹಿಂದಿನ ವರ್ಷ ರಸ್ತೆಗಳಲ್ಲಿ ಸತ್ತ 130 ಮಕ್ಕಳ ನೆನಪಿಗೆ ಎತ್ತರದ ಸ್ಮಾರಕ ಕಂಬವೊಂದನ್ನು ನಿಲ್ಲಿಸಿತು. ಯುದ್ಧದಲ್ಲಿ ಮಡಿದ ಸೈನಿಕರಿಗೆ ನಿಲ್ಲಿಸುತ್ತಾರಲ್ಲ, ಅಂಥದ್ದು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಸಾವಿರಾರು ಶಾಲಾ ಮಕ್ಕಳು ಮೆರವಣಿಗೆ ಹೋದರು. ಅವರಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಬೇರೆಯೇ ಗುಂಪಾಗಿ ನಡೆದರು. ಹಿಂದಿನ ವರ್ಷ ಅಪಘಾತಗಳಲ್ಲಿ ಸತ್ತ ಒಂದೊಂದು ಮಗುವಿಗೆ ಒಂದೊಂದು ಮಗು ನಿಂತಂತೆ. ನಮ್ಮ ಕನ್ನಡ ಶಾಲೆಯ ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿದರೂ ಆ ಗುಂಪಿನ ಹತ್ತಿರಕ್ಕೂ ಬರುವುದಿಲ್ಲ.

ಜನ ಯಾರನ್ನು ದೂರಿದರು? ಕಾರನ್ನು. ವ್ಯಂಗ್ಯಚಿತ್ರಗಳಲ್ಲಿ ಕಾರೆಂದರೆ ಮಕ್ಕಳನ್ನು ನುಂಗುವ ರಾಕ್ಷಸ, ಸ್ಟಿಯರಿಂಗ್ ಹಿಡಿದ ಯಮ. 1923ರಲ್ಲಿ ಓಹಾಯೋದ ಸಿನ್ಸಿನಾಟಿ ನಗರದ 42,000 ಜನ ಒಂದು ಅರ್ಜಿಗೆ ಸಹಿ ಹಾಕಿದರು. ಊರಿನ ಪ್ರತಿ ಕಾರಿಗೂ ಒಂದು ಉಪಕರಣ ಕೂರಿಸಬೇಕು, ಗಂಟೆಗೆ 25 ಮೈಲಿ ಮುಟ್ಟಿದೊಡನೆ ಅದು ಎಂಜಿನ್ನನ್ನು ತಡೆಯಬೇಕು ಎಂಬುದು ಬೇಡಿಕೆ. ಇಂದು ಶಾಲೆಯ ಮುಂದೆ ನೀವು ನೋಡುವ ವೇಗದ ಫಲಕದಲ್ಲಿ ಇರುವ ಸಂಖ್ಯೆಯೂ ಸಾಮಾನ್ಯವಾಗಿ 25. ಆದರೆ ಅದು ಫಲಕ, ಪಾಲಿಸುವುದು ಚಾಲಕನ ಮರ್ಜಿ. ಅವರು ಕೇಳಿದ್ದು ಮರ್ಜಿಗೆ ಬಿಡದ ಯಂತ್ರವನ್ನು.

ಕಾರು ಮಾರುವವರಿಗೆ ಎದೆ ಧಸಕ್ಕೆಂದಿತು. ವೇಗವಿಲ್ಲದ ಕಾರನ್ನು ಯಾರು ಕೊಳ್ಳುತ್ತಾರೆ? ಮಾರಾಟಗಾರರು, ಮೋಟಾರು ಕ್ಲಬ್ಬುಗಳು ಎಲ್ಲ ಒಂದಾಗಿ ಹಣ ಸುರಿದು ಪ್ರಚಾರ ಮಾಡಿದರು. ನವೆಂಬರಿನ ಮತದಾನದಲ್ಲಿ ಬೇಡಿಕೆ ಸೋತಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ. ಸಿನ್ಸಿನಾಟಿಯಲ್ಲಿ ಗೆದ್ದವರಿಗೆ ಒಂದು ವಿಷಯ ಅರ್ಥವಾಯಿತು: ತಪ್ಪು ವೇಗದ್ದು ಎಂದು ಜನ ನಂಬಿರುವವರೆಗೂ ಇಂಥ ಅರ್ಜಿಗಳು ಬರುತ್ತಲೇ ಇರುತ್ತವೆ. ಆದ್ದರಿಂದ ತಪ್ಪು ಬೇರೆಯವರ ಮೇಲೆ ಹೋಗಬೇಕು.

ಅದಕ್ಕೆ ಬೇಕಾದ ಪದ ಆಗಲೇ ತಯಾರಿತ್ತು. ಮಿಸೌರಿಯ ಕಾನ್ಸಾಸ್ ಸಿಟಿ 1912ರಲ್ಲೇ ನಡೆಯುವವರು ಎಲ್ಲೆಂದರಲ್ಲಿ ದಾಟಬಾರದು ಎಂದು ನಿಯಮ ಮಾಡಿತ್ತು. ಆದರೆ ಇಂಥ ನಿಯಮವನ್ನು ಎಲ್ಲಿಯೂ ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಪೊಲೀಸರಿಗೂ ಬೇಕಿರಲಿಲ್ಲ. ತಾತಂದಿರ ಕಾಲದಿಂದ ದಾಟಿದ ಬೀದಿ, ಈಗ ಯಾಕೆ ಬೇಡ? ದಂಡ ಹಾಕಿದರೆ ಜನ ರೇಗುತ್ತಾರೆ. ನಗೆಪಾಟಲು ಮಾಡಿದರೆ? ನಾಲ್ಕು ಜನರ ಮುಂದೆ ಹಳ್ಳಿ ಮುಕ್ಕ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ! ಸ್ಕೌಟ್ ಹುಡುಗರ ಕೈಯಲ್ಲಿ ಚೀಟಿ ಕೊಟ್ಟು, ಅಡ್ಡದಾರಿಯಲ್ಲಿ ದಾಟಿದವರಿಗೆ ಹಂಚಿಸಿದರು, "ನೀವೊಬ್ಬ ಜೇವಾಕರ್" ಎಂದು ತಿಳಿಸಲು. 1924ರ ನ್ಯೂಯಾರ್ಕಿನ ಸುರಕ್ಷತಾ ಮೆರವಣಿಗೆಯಲ್ಲಿ ಒಬ್ಬ ಕೋಡಂಗಿ ಮುಂದೆ ನಡೆಯುವುದು, ಹಿಂದಿನಿಂದ ಮಾಡೆಲ್ ಟಿ ನಿಧಾನವಾಗಿ ಬಂದು ಅವನಿಗೆ ಮತ್ತೆ ಮತ್ತೆ ಢಿಕ್ಕಿ ಹೊಡೆಯುವುದು, ಜನ ನಗುವುದು. ಎರಡು ವರ್ಷದ ಹಿಂದೆ ಅದೇ ಊರಿನಲ್ಲಿ ನಡೆದ ಮಕ್ಕಳ ಮೆರವಣಿಗೆಯನ್ನು ನೆನೆಸಿಕೊಳ್ಳಿ. ಕಾರಿಗೆ ಸಿಕ್ಕವನು ಅಂದು ಮಡಿದ ಮಗು, ಇಂದು ಕೋಡಂಗಿ.

1925ರಲ್ಲಿ ನಮ್ಮ ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್, ನಡೆಯುವವರು ಎಲ್ಲಿ ಯಾವಾಗ ದಾಟಬೇಕೆಂದು ಗೆರೆ ಕೊರೆದ ಸಂಚಾರ ನಿಯಮ ತಂದಿತು. ಬೇರೆ ಊರುಗಳಿಗೆ ಅದು ಮಾದರಿಯಾಯಿತು. ವಾಣಿಜ್ಯ ಮಂತ್ರಿಯಾಗಿದ್ದ ಹರ್ಬರ್ಟ್ ಹೂವರ್ ನಡೆಸಿದ ಸಮ್ಮೇಳನಗಳಿಂದ 1928ರ ಹೊತ್ತಿಗೆ ಇಡೀ ದೇಶಕ್ಕೊಂದು ಮಾದರಿ ನಿಯಮಾವಳಿಯೂ ಸಿದ್ಧವಾಯಿತು. ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಪಾಠದಲ್ಲಿ ಮೋಟಾರು ಕ್ಲಬ್ಬುಗಳ ಕೈ ದೊಡ್ಡದಾಯಿತು. ನಿಮ್ಮ ಶಾಲೆಯಲ್ಲಿ ಬಣ್ಣದ ಪಟ್ಟಿ ಕಟ್ಟಿಕೊಂಡು ನಿಲ್ಲುವ ಸೇಫ್ಟಿ ಪೆಟ್ರೋಲ್ ಮಕ್ಕಳಿದ್ದಾರಲ್ಲ, ಆ ಪದ್ಧತಿ ಬೆಳೆದದ್ದೂ 1920ರ ದಶಕದಲ್ಲಿ, ಮೋಟಾರು ಕ್ಲಬ್ಬುಗಳ ಆಸರೆಯಲ್ಲಿ. ಅದರಿಂದ ಎಷ್ಟೋ ಮಕ್ಕಳ ಜೀವ ಉಳಿದಿರಬೇಕು. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆ ಪಾಠದ ಒಳಗೆ ಇನ್ನೊಂದು ಪಾಠವೂ ಇತ್ತು: ಬೀದಿ ನಿಮ್ಮದಲ್ಲ, ಎಚ್ಚರ ತಪ್ಪಿದರೆ ತಪ್ಪು ನಿಮ್ಮದು. ಒಂದು ತಲೆಮಾರು ಕಳೆಯುವಷ್ಟರಲ್ಲಿ, ಮೊದಲು ಹೇಗಿತ್ತು ಎಂದು ಕೇಳುವವರೇ ಇರಲಿಲ್ಲ.

ರಸ್ತೆಗಾಗಿ ಅಷ್ಟೊಂದು ಓಡಾಡಿದ ಸೈಕಲ್ಲಿನವರ ಗತಿ? ಅವರು ಬೇಡಿದ ನುಣುಪು ರಸ್ತೆಗಳ ಮೇಲೆ ಕಾರು ತುಂಬಿ, ಸೈಕಲ್ಲು ಮಕ್ಕಳ ಆಟದ ಸಾಮಾನಾಯಿತು. ಮತ್ತೆ ರಸ್ತೆಯ ಮೇಲೆ ಅವರಿಗೆಂದು ಬಿಳಿ ಗೆರೆ ಎಳೆದದ್ದು 1967ರಲ್ಲಿ, ನಮ್ಮದೇ ರಾಜ್ಯದ ಡೇವಿಸ್ ಎಂಬ ಕಾಲೇಜು ಊರಿನಲ್ಲಿ. ಈ ದೇಶದ ಮೊದಲ ಬೈಕ್ ಲೇನ್ ಅದು.

ಜೇವಾಕಿಂಗ್ ಕಾನೂನೂ ಈಗ ಸಡಿಲವಾಗುತ್ತಿದೆ. 1912ರಲ್ಲಿ ನಿಯಮ ಮಾಡಿದ ಅದೇ ಕಾನ್ಸಾಸ್ ಸಿಟಿ 2021ರಲ್ಲಿ ಅದನ್ನು ಕಿತ್ತುಹಾಕಿತು. 2024ರಲ್ಲಿ ನ್ಯೂಯಾರ್ಕ್ ನಗರವೂ ಕೈಬಿಟ್ಟಿತು. ನಮ್ಮಲ್ಲಿ 2023ರ ಜನವರಿ 1ರಿಂದ, ಕಾರು ಬಡಿಯುವ ತಕ್ಷಣದ ಅಪಾಯವಿದ್ದರೆ ಮಾತ್ರ ಪೊಲೀಸರು ದಾಟುವವರನ್ನು ತಡೆಯಬಹುದು. ದಂಡ ಬೀಳುತ್ತಿದ್ದುದು ಹೆಚ್ಚಾಗಿ ಬಡವರು, ಕಪ್ಪು ಜನ ಇರುವ ಕಡೆಗಳಲ್ಲಿ ಎಂಬುದು ಈ ಬದಲಾವಣೆಗೆ ಒಂದು ಮುಖ್ಯ ಕಾರಣ. ಅಂದರೆ ಹಳ್ಳಿ ಮುಕ್ಕ ಎಂಬ ಬೈಗುಳ ಕೊನೆಯವರೆಗೂ ಮೇಲಿನವರು ಕೆಳಗಿನವರಿಗೆ ಬೈದದ್ದಾಗಿಯೇ ಉಳಿಯಿತು. ಆದರೆ ಮಕ್ಕಳೇ, ನೋಡದೆ ನುಗ್ಗಬಹುದು ಎಂದು ಅರ್ಥವಲ್ಲ. ಕಾನೂನು ಬದಲಾಗಿದೆ, ಕಾರಿನ ತೂಕ ಬದಲಾಗಿಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರೆ ಮೊನ್ನೆ ಆ ಕಾರಿನೋನು ನನ್ನ ಹಳ್ಳಿ ಮುಕ್ಕಿ ಅಂದ್ನಾ?" ಎಂದು ನಕ್ಕರು. ಆಮೇಲೆ ಎಡಗಡೆ ಮೊದಲು ನೋಡುವುದನ್ನು ಮೊಮ್ಮಗಳಿಂದ ಕಲಿತರು.

ರಸ್ತೆಯ ಸಹವಾಸವೇ ಬೇಡವೆಂದು ನಾವು ಹಳ್ಳದ ದಂಡೆಯ ದಾರಿಯಲ್ಲಿ ವಾಕಿಂಗ್ ಶುರುಮಾಡಿದೆವು. ಅಲ್ಲಿ ಕಾರಿಲ್ಲ, ಆದರೆ ಸೈಕಲ್ಲಿದೆ, ಈಗೀಗ ಸದ್ದಿಲ್ಲದೆ ಬರುವ ಬ್ಯಾಟರಿ ಸೈಕಲ್ಲೂ ಇದೆ. ಎರಡನೇ ದಿನವೇ ಹಿಂದಿನಿಂದ ಒಬ್ಬ "ಆನ್ ಯುವರ್ ಲೆಫ್ಟ್!" ಎಂದು ಕೂಗಿದ. ಎಡಗಡೆಯಿಂದ ಬರುತ್ತಿದ್ದೇನೆ, ಹಾಗೇ ಹೋಗುತ್ತಿರಿ ಎಂದು ಅದರ ಅರ್ಥ. ಅಮ್ಮನಿಗೆ ಕೇಳಿಸಿದ್ದು "ಲೆಫ್ಟ್" ಒಂದೇ, ಪಾಪ, ಹೇಳಿದ ಮಾತು ಮೀರಬಾರದೆಂದು ಎಡಕ್ಕೇ ಸರಿದರು. ಆತ ಬ್ರೇಕ್ ಒತ್ತಿ, ಒಂದು ಕಾಲು ಊರಿ ನಿಂತ. ಇಬ್ಬರೂ ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ಅವನ ಹ್ಯಾಂಡಲ್ಲಿನತ್ತ ಬೆರಳು ತೋರಿಸಿ ಅಚ್ಚ ಹಾಸನದ ಕನ್ನಡದಲ್ಲಿ ಕೇಳಿದರು: "ಬೆಲ್ ಇಲ್ವೇನಪ್ಪ?"

ಅವನಿಗೆ ಮಾತು ತಿಳಿಯಲಿಲ್ಲ, ಬೆರಳು ತಿಳಿಯಿತು. ಮುಂದಿನ ವಾರ ಅದೇ ದಾರಿಯಲ್ಲಿ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದು ಸದ್ದಾಯಿತು. ಅಮ್ಮ ತಿರುಗಿಯೂ ನೋಡದೆ ಬಲಕ್ಕೆ ಸರಿದು ದಾರಿ ಬಿಟ್ಟರು.