ಗ್ಯಾಫರ್, ಗವರ್ನರ್, ಬಾಸ್: ಇಂಗ್ಲಿಷ್ ಆಡುಮಾತಿನ ಧಣಿಗಳು, ಮುದುಕರು

ಮುದುಕನಿಗೂ ಮೇಸ್ತ್ರಿಗೂ ಸಲ್ಲುವ ಇಂಗ್ಲಿಷ್ ಆಡುಮಾತುಗಳಲ್ಲಿ ‘ಗ್ಯಾಫರ್’ ಬಹಳ ಹಳೆಯದು. 16ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಯಲ್ಲಿದ್ದ ಈ ಪದ, ‘ಗಾಡ್‌ಫಾದರ್’ ಎಂಬುದು ಹಳ್ಳಿಗರ ಬಾಯಲ್ಲಿ ಸವೆದು ಉಳಿದ ರೂಪ. ‘ಗ್ರ್ಯಾಂಡ್‌ಫಾದರ್’ನ ಪ್ರಭಾವವೂ ಅದರ ಮೇಲೆ ಇದ್ದೀತು. ಊರಿನ ಹಿರಿಯನನ್ನು ಸಲಿಗೆ ಬೆರೆತ ಗೌರವದಿಂದ ಹೀಗೆ ಕರೆಯುತ್ತಿದ್ದರು. ಅಜ್ಜಿಯರಿಗೆ ‘ಗ್ಯಾಮರ್’ ಎಂಬ ಜೋಡಿ ಪದವಿತ್ತು. ಕಳೆದುಹೋದ ಸೂಜಿಗಾಗಿ ಊರೆಲ್ಲ ರಂಪವಾಗುವ ‘ಗ್ಯಾಮರ್ ಗರ್ಟನ್ಸ್ ನೀಡ್ಲ್’ ಎಂಬ ಪ್ರಹಸನ 1575ರಲ್ಲಿ ಅಚ್ಚಾಯಿತು. ಗ್ಯಾಮರ್ ಕಾಲಕ್ರಮದಲ್ಲಿ ಮೂಲೆಗುಂಪಾದಳು. ಗ್ಯಾಫರ್ ಮಾತ್ರ ಬಡ್ತಿ ಪಡೆದ. 19ನೇ ಶತಮಾನದಲ್ಲಿ ಕೂಲಿಗಳ ತಂಡದ ಮೇಸ್ತ್ರಿಗೆ ಅದೇ ಹೆಸರು ಬಂತು. ಗಾಜು ಊದುವವರ ಮುಖ್ಯಸ್ಥ, ಸಿನಿಮಾದಲ್ಲಿ ಬೆಳಕಿನ ವ್ಯವಸ್ಥೆ ನೋಡುವವನು, ಬ್ರಿಟನ್ನಿನ ಫುಟ್‌ಬಾಲ್ ತಂಡದ ಮ್ಯಾನೇಜರ್, ಇವರೆಲ್ಲ ಇಂದಿಗೂ ಗ್ಯಾಫರ್‌ಗಳೇ.

‘ಗವರ್ನರ್’ ಬೇರೆ ದಾರಿಯಿಂದ ಬಂದು ಇದೇ ಜಾಗಕ್ಕೆ ಸೇರಿತು. ಹಡಗಿನ ಚುಕ್ಕಾಣಿ ಹಿಡಿಯುವುದು ಎಂಬ ಅರ್ಥದ ಗ್ರೀಕ್ ಕ್ರಿಯಾಪದ ಅದರ ಬೇರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ತರುಣರು ಅಪ್ಪನನ್ನು, ಕೆಲಸಗಾರರು ಧಣಿಯನ್ನು ಹಾಗೆನ್ನತೊಡಗಿದರು. ಲಂಡನ್ನಿನ ಕಾಕ್ನಿ ಉಚ್ಚಾರದಲ್ಲಿ ಅದು ‘ಗವ್ನರ್’ ಆಯಿತು, ಕೊನೆಗೆ ಬರೀ ‘ಗವ್’. ರಾಜಭವನದಲ್ಲಿ ಕೂರುವವರ ಬಿರುದನ್ನು ಅಲ್ಲಿ ಅಪರಿಚಿತ ಗಿರಾಕಿಗೂ ಕೊಟ್ಟರು. ಲಂಡನ್ ಪೊಲೀಸರು ತಮ್ಮ ಮೇಲಧಿಕಾರಿಯನ್ನು ಈಗಲೂ ಗವ್ ಎನ್ನುವುದುಂಟು. ಹಡಗಿನವರು, ಸಿಪಾಯಿಗಳು ಇಷ್ಟೂ ಸುತ್ತು ಬಳಸಲಿಲ್ಲ. ಕ್ಯಾಪ್ಟನ್ನನನ್ನು ಅವನ ಬೆನ್ನ ಹಿಂದೆ ನೇರವಾಗಿ ‘ಓಲ್ಡ್ ಮ್ಯಾನ್’ ಎಂದರು, ಅವನಿಗೆ ಮೂವತ್ತೇ ತುಂಬಿದ್ದರೂ.

ಇವೆಲ್ಲವನ್ನೂ ಹಿಂದೆ ಹಾಕಿದ್ದು ‘ಬಾಸ್’. ಡಚ್ ಭಾಷೆಯಲ್ಲಿ ‘ಬಾಸ್’ ಎಂದರೆ ಒಡೆಯ. ಹಡ್ಸನ್ ನದಿಯ ದಡದಲ್ಲಿ ಡಚ್ಚರು ಕಟ್ಟಿದ ನ್ಯೂ ಆಮ್‌ಸ್ಟರ್‌ಡ್ಯಾಮ್ 1664ರಲ್ಲಿ ಇಂಗ್ಲಿಷರ ವಶವಾಗಿ ನ್ಯೂಯಾರ್ಕ್ ಆದರೂ ಆ ಸೀಮೆಯ ಮನೆಮಾತು ಒಮ್ಮೆಗೇ ಬದಲಾಗಲಿಲ್ಲ. ಡಚ್ ಪದ ಇಂಗ್ಲಿಷಿಗೆ ಹೊಕ್ಕಿತು. 1800ರ ನಂತರದ ದಶಕಗಳಲ್ಲಿ ಅಮೆರಿಕದ ತುಂಬ ಹರಡಿತು. ಅದಕ್ಕೆ ಕಾರಣ ಗುಲಾಮಗಿರಿ. ಅಲ್ಲಿ ‘ಮಾಸ್ಟರ್’ ಎಂಬುದು ಗುಲಾಮರ ಒಡೆಯನ ಹೆಸರಾಗಿತ್ತು. ಸಂಬಳಕ್ಕೆ ದುಡಿಯುವ ಬಿಳಿಯ ಕೆಲಸಗಾರನಿಗೆ ಆ ಪದ ಬಾಯಿಗೆ ಬರುತ್ತಿರಲಿಲ್ಲ, ಅದನ್ನಾಡಿದರೆ ತಾನೂ ಗುಲಾಮನ ಸಾಲಿಗೆ ಸೇರಿದಂತೆ. ಮನೆಗೆಲಸದವರೂ ‘ಸರ್ವೆಂಟ್’ ಎನಿಸಿಕೊಳ್ಳಲು ಒಪ್ಪದೆ ‘ಹೆಲ್ಪ್’ ಎಂದು ಹೇಳಿಕೊಂಡರು. ಇಂಗ್ಲೆಂಡಿನಿಂದ ಬಂದ ಪ್ರವಾಸಿಗಳು ಈ ಬಿಗುಮಾನವನ್ನು ಕಂಡು ಮೂಗು ಮುರಿದರು. ಕೆಲಸಗಾರರು ಬಿಟ್ಟ ‘ಮಾಸ್ಟರ್’ಗೂ ಹಿಡಿದ ‘ಬಾಸ್’ಗೂ ಅರ್ಥ ಒಂದೇ; ಆದರೆ ಡಚ್ ತಿಳಿಯದ ಕಿವಿಗೆ ಹೊಸದರಲ್ಲಿ ಗುಲಾಮಗಿರಿಯ ವಾಸನೆ ಇರಲಿಲ್ಲ.

ಅದೇ ಪದ ದಕ್ಷಿಣ ಆಫ್ರಿಕದಲ್ಲಿ ತದ್ವಿರುದ್ಧ ಕೆಲಸ ಮಾಡಿತು. 1652ರಲ್ಲಿ ಕೇಪ್‌ನಲ್ಲಿ ನೆಲೆಯೂರಿದ ಡಚ್ಚರ ಜೊತೆ ಬಂದ ಈ ಮಾತು, ಕರಿಯ ಕೆಲಸಗಾರ ಬಿಳಿಯನನ್ನು ಕರೆಯಲೇಬೇಕಾದ ರೀತಿಯಾಗಿ ವರ್ಣಭೇದದ ಕಾಲದವರೆಗೂ ಉಳಿಯಿತು. 1954ರಿಂದ 1958ರವರೆಗೆ ಪ್ರಧಾನಿಯಾಗಿದ್ದ ಸ್ಟ್ರೈಡಮ್, ಬಿಳಿಯರ ಒಡೆತನದ ನೀತಿಯನ್ನು ‘ಬಾಸ್‌ಕಪ್’ ಎಂದೇ ಕರೆದು ಸಮರ್ಥಿಸಿದ. ಅಮೆರಿಕದಲ್ಲಿಯೂ ಪದ ಕೊನೆತನಕ ಚೊಕ್ಕಟವಾಗಿ ಉಳಿಯಲಿಲ್ಲ. ನ್ಯೂಯಾರ್ಕಿನ ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಸಂಘಟನೆಯನ್ನು ಕೈಯಲ್ಲಿಟ್ಟುಕೊಂಡು ನಗರದ ಬೊಕ್ಕಸ ಕೊಳ್ಳೆಹೊಡೆದ ವಿಲಿಯಂ ಟ್ವೀಡ್, ‘ಬಾಸ್ ಟ್ವೀಡ್’ ಎಂದೇ ಹೆಸರಾದ. ಥಾಮಸ್ ನ್ಯಾಸ್ಟ್‌ನ ವ್ಯಂಗ್ಯಚಿತ್ರಗಳು ಅವನನ್ನು ಬಯಲಿಗೆಳೆದವು. 1878ರಲ್ಲಿ ಟ್ವೀಡ್ ಜೈಲಿನಲ್ಲೇ ಸತ್ತ. ಅಲ್ಲಿಂದ ‘ಬಾಸ್’ ಎಂದರೆ ತೆರೆಮರೆಯಲ್ಲಿ ಪಕ್ಷ ಆಡಿಸುವವನು ಎಂಬ ಛಾಯೆಯೂ ಅಂಟಿತು. ಬೆಂಗಳೂರಿನ ಬೀದಿಯಲ್ಲಿ ಆಟೋದವರಿಗೂ ಅಂಗಡಿಯವರಿಗೂ ‘ಬಾಸ್’ ಎನ್ನುವಾಗ ಈ ಯಾವ ಭಾರವೂ ಇರುವುದಿಲ್ಲ. ‘ಗುರು’ ಎನ್ನುವ ಜಾಗದಲ್ಲಿ ಅದು ನಿಂತಿದೆ, ಅಷ್ಟೆ.

ಏಷ್ಯಾದಿಂದಲೂ ಕೆಲವು ಪದಗಳು ಹೋದವು. ಮೊಘಲ್ ಬಾದಶಹನ ಹೆಸರು ‘ಮೊಗಲ್’ ಆಗಿ, ಮುಂದೆ ಹಾಲಿವುಡ್ಡಿನ ಸ್ಟುಡಿಯೋ ಧಣಿಗಳಿಗೆ ಸಂದಿತು. ಜಪಾನಿನ ಶೋಗುನ್‌ನನ್ನು ವಿದೇಶಿಯರ ಮುಂದೆ ಹೇಳುತ್ತಿದ್ದ ‘ತಾಯ್‌ಕುನ್’ ಎಂಬ ಬಿರುದು ‘ಟೈಕೂನ್’ ಆಯಿತು. ಲಿಂಕನ್ನನ ಕಾರ್ಯದರ್ಶಿಗಳು ತಮ್ಮ ಅಧ್ಯಕ್ಷನಿಗೆ ಖಾಸಗಿಯಾಗಿ ಇಟ್ಟ ಅಡ್ಡಹೆಸರು ಇದೇ. ಜಪಾನಿನ ‘ಹಾಂಚೋ’, ಅಂದರೆ ತಂಡದ ನಾಯಕ, ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕನ್ ಸೈನಿಕರ ಬಾಯಿಗೆ ಬಂದು ‘ಹಾಂಚೊ’ ಆಗಿ ಉಳಿಯಿತು. ದೊಡ್ಡ ಕುಳ ಎಂಬರ್ಥದ ‘ಬಿಗ್ ಚೀಸ್’ನಲ್ಲಿ ಬಹುಶಃ ಬೆಣ್ಣೆಯೂ ಇಲ್ಲ, ಗಿಣ್ಣೂ ಇಲ್ಲ. ಆಡುಮಾತಿನ ಈ ‘ಚೀಸ್’ ಪಾರ್ಸಿ, ಹಿಂದೂಸ್ತಾನಿಯ ‘ಚೀಜ್’, ಅಂದರೆ ವಸ್ತು, ಎಂಬ ವಿವರಣೆ 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿದೆ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬನಾದ ಎ.ಸಿ. ಬರ್ನೆಲ್ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದವನು. ದಕ್ಷಿಣ ಭಾರತದ ಲಿಪಿಗಳ ಕುರಿತ ಅವನ ಗ್ರಂಥ 1874ರಲ್ಲಿ ಅಲ್ಲಿಯೇ ಅಚ್ಚಾಯಿತು. ಕೋಶ ಹೊರಬರುವುದನ್ನು ನೋಡಲು ಅವನು ಬದುಕಿರಲಿಲ್ಲ.

ಸಂಬಳ ಕೊಡುವ ಅಧಿಕಾರವಿಲ್ಲದ ಮುದುಕರಿಗೆ ಆಡುಮಾತು ಇಷ್ಟು ಉದಾರವಾಗಿರಲಿಲ್ಲ. 18ನೇ ಶತಮಾನದ ‘ಕಾಡ್ಜರ್’ ಪ್ರಾಯಶಃ ‘ಕ್ಯಾಡ್ಜರ್’ನ ಮತ್ತೊಂದು ರೂಪ, ಅದರರ್ಥ ಊರೂರು ತಿರುಗುವ ವ್ಯಾಪಾರಿ, ಆಮೇಲೆ ಭಿಕ್ಷುಕ. ‘ಫೋಗಿ’ ಸೇವೆಗೆ ಅಶಕ್ತನಾದ ಸೈನಿಕನ ಅಡ್ಡಹೆಸರೆಂದು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಆಡುಮಾತಿನ ಕೋಶದಲ್ಲಿ ದಾಖಲಾಗಿದೆ. ಹೊಸದೇನನ್ನೂ ಒಪ್ಪದ ಹಳಬ ಎಂಬ ಅರ್ಥ ಅದಕ್ಕೆ ಗಟ್ಟಿಯಾದದ್ದು ಆಮೇಲೆ. ವೇಷ ಹಾಕಿಕೊಂಡು ಮನೆಮನೆಗೆ ಹೋಗುವ ‘ಗೈಸರ್’ನಿಂದ 1880ರ ದಶಕದಲ್ಲಿ ಹುಟ್ಟಿದ ‘ಗೀಜರ್’ ಅಮೆರಿಕದಲ್ಲಿ ವಿಚಿತ್ರ ಮುದುಕನಾಗಿಯೇ ಉಳಿದ. ಲಂಡನ್ನಿನಲ್ಲಿ ಮಾತ್ರ ಅವನ ವಯಸ್ಸು ಇಳಿಯುತ್ತ ಬಂದು, ಈಗ ಇಪ್ಪತ್ತೈದರ ಹುಡುಗನೂ ಗೀಜರ್ ಎನಿಸಿಕೊಳ್ಳುತ್ತಾನೆ.